ಚಕ್ರ ಹೋಗದ ನಡುಗಡ್ಡೆಗೆ

ಆ ನಡುಗಡ್ಡೆಯ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತುಂಗಭದ್ರೆಯ ನಡುವೆ ಇದೆ ಎಂದಷ್ಟೇ ಹೇಳುತ್ತೇನೆ, ಅದೂ ಹೆಚ್ಚಾಯಿತೇನೋ. ಹೆಸರು ಬಾಯಿಬಿಟ್ಟರೆ ನಮ್ಮ ಬಳಗದವರಲ್ಲಿ ಯಾರಾದರೊಬ್ಬರು ಗಂಟುಮೂಟೆ ಕಟ್ಟಿಕೊಂಡು ಅಲ್ಲಿಗೂ ಬಂದುಬಿಡುತ್ತಾರೆ ಎಂದು ಅಮ್ಮ ಆಗಲೇ ನಮ್ಮೆಲ್ಲರಿಂದ ಮಾತು ತೆಗೆದುಕೊಂಡಿದ್ದಳು. ಆ ಬಳಗದವರಲ್ಲಿ ಬಹಳ ಮಂದಿ ಈಗ ಇಲ್ಲ. ಆದರೂ ಅವರನ್ನು ನಂಬುವ ಹಾಗಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ರಾಜಾಜಿನಗರದಲ್ಲಿ ನಮ್ಮದೊಂದು ಬಾಡಿಗೆ ಮನೆ. ಮುಂದೆ ಹಾಲ್, ಹಿಂದೆ ಅಡುಗೆಮನೆ, ನಡುವೆ ಒಂದೇ ಕೋಣೆ, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ಕಾರ್ಖಾನೆಯೊಂದರಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ ಅಪ್ಪ, ಅಮ್ಮ, ಅಪ್ಪನ ತಾಯಿಯಾದ ಅಜ್ಜಿ, ಆಗಷ್ಟೇ ಹೈಸ್ಕೂಲು ಸೇರಿದ್ದ ನಾನು. ಹೇಳಿಕೊಳ್ಳುವುದಕ್ಕೆ ನಾವು ನಾಲ್ಕೇ ಜನ. ಆದರೆ ನಾವು ನಾಲ್ವರೇ ಕೂತು ಉಂಡದ್ದು ನನಗೆ ನೆನಪಿಲ್ಲ. ದಾವಣಗೆರೆ ಸೀಮೆಯ ನಮ್ಮ ಬಳಗದಲ್ಲಿ ಬೆಂಗಳೂರಿಗೆ ಬಂದು ಮನೆ ಮಾಡಿದವರಲ್ಲಿ ಅಪ್ಪನೇ ಮೊದಲಿಗ. ಹಾಗಾಗಿ ಇಂಟರ್‌ವ್ಯೂಗೆ ಬಂದವರು, ಕಣ್ಣಿನ ಆಪರೇಷನ್‌ಗೆ ಬಂದವರು, ಮದುವೆ ಸೀರೆಗೆಂದು ಚಿಕ್ಕಪೇಟೆಗೆ ಬಂದವರು, ಏನೂ ಕೆಲಸವಿಲ್ಲದೆ ಸುಮ್ಮನೆ ಬಂದವರು, ಎಲ್ಲರೂ ನಮ್ಮಲ್ಲೇ ಇಳಿಯುತ್ತಿದ್ದರು. ಮುಂಚಿತವಾಗಿ ತಿಳಿಸಿ ಬರುವುದೆಂದರೆ ಪರರ ಮನೆಗೆ ಹೋದಂತೆ ಎಂದು ಅವರ ಎಣಿಕೆ. ನನ್ನ ಹಾಸಿಗೆ ನನಗೆ ಸಿಗುತ್ತಿದ್ದುದೇ ಅಪರೂಪ. ಬಂದವರನ್ನು ಕಂಡರೆ ನನಗೆ ಮೈಯೆಲ್ಲ ಉರಿ. ಆ ಉರಿ ಮುಖದಲ್ಲಿ ಕಂಡರೆ ಅಪ್ಪನಿಗೆ ನನ್ನ ಮೇಲೆ ಉರಿ.

ಅವರು ಬಂದದ್ದು ನಮಗೆ ಮೊದಲು ತಿಳಿಯುತ್ತಿದ್ದುದು ಚಕ್ರದ ಸದ್ದಿನಿಂದ. ಬಾಗಿಲಲ್ಲಿ ಆಟೋ ನಿಂತರೆ ಸೀರೆಯವರು ಇಲ್ಲವೇ ಆಪರೇಷನ್‌ನವರು. ಜಟಕಾ ನಿಂತರೆ ಮೂಟೆ ತಂದವರು, ಅಂದರೆ ಹೆಚ್ಚು ದಿನ ಇರುವವರು. ಅಮ್ಮ ಕಿಟಕಿಯಿಂದ ಇಣುಕಿ ನೋಡುತ್ತಲೂ ಇರಲಿಲ್ಲ. ಸದ್ದು ಕಿವಿಗೆ ಬಿದ್ದೊಡನೆ ಅವಳ ಕೈ ತಾನಾಗಿ ಎಸರಿನ ಪಾತ್ರೆಗೆ ಇನ್ನೆರಡು ಚೊಂಬು ನೀರು ಸುರಿಯುತ್ತಿತ್ತು. ಆಮೇಲೆ ನಗುಮುಖ ಮಾಡಿಕೊಂಡು ಹೊರಗೆ ಬಂದು "ಬರ್ರಿ, ಬರ್ರಿ, ಎಷ್ಟು ದಿನ ಆಯ್ತು ನೋಡಿ" ಎನ್ನುತ್ತಿದ್ದಳು. ಆ ನಗು ಸುಳ್ಳಲ್ಲ. ಅದೇ ನನಗೆ ಇನ್ನೂ ಸಿಟ್ಟು ತರಿಸುತ್ತಿತ್ತು.

ಒಂದು ಮಳೆಗಾಲದಲ್ಲಿ ಅಮ್ಮನಿಗೆ ಜ್ವರ ಬಂತು. ಜ್ವರ ಬಿಟ್ಟರೂ ಸುಸ್ತು ಬಿಡಲಿಲ್ಲ. ನಿಂತಲ್ಲೇ ಕಣ್ಣಿಗೆ ಕತ್ತಲೆ ಬರುತ್ತಿತ್ತು. ಹತ್ತಿರದ ಕ್ಲಿನಿಕ್ಕಿನ ಡಾಕ್ಟರು ನಾಡಿ ಹಿಡಿದು, ಕಣ್ಣಿನ ರೆಪ್ಪೆ ಕೆಳಗೆಳೆದು ನೋಡಿದರು. "ಟಾನಿಕ್ ಬರೆದುಕೊಡ್ತೀನಿ ಸಾರ್, ಆದ್ರೆ ಇವರಿಗೆ ಬೇಕಾಗಿರೋದು ಅದಲ್ಲ, ರೆಸ್ಟು. ನಾಲ್ಕು ದಿನ ಎಲ್ಲಾದ್ರೂ ಕರ್ಕೊಂಡು ಹೋಗಿ" ಎಂದರು.

ಮನೆಗೆ ನಡೆದು ಬರುವಾಗ ಅಪ್ಪ ಕೇಳಿದ. "ಎಲ್ಲಿಗೆ ಹೋಗೋಣ ಹೇಳು. ಧರ್ಮಸ್ಥಳಾನಾ, ಮೈಸೂರಾ?"

ಅಮ್ಮ ನಡೆಯುತ್ತಲೇ ಇದ್ದಳು. ಎಲ್ಲಿಗೆ ಹೋಗಬೇಕು ಎಂದು ಅವಳನ್ನು ಯಾರಾದರೂ ಕೇಳಿದ್ದು ಅದೇ ಮೊದಲಿರಬೇಕು. ನಮ್ಮ ಬೀದಿಯ ತಿರುವಿನಲ್ಲಿ ಹೇಳಿದಳು: "ಚಕ್ರ ಇರೋದು ಯಾವುದೂ ಬರದೆ ಇರೋ ಜಾಗಕ್ಕೆ."

ಅಪ್ಪ ನಕ್ಕ. ಅವಳು ನಗಲಿಲ್ಲ. ಅವಳ ತವರು ಹೊಳೆಯ ದಂಡೆಯ ಊರು. ಚಿಕ್ಕವಳಿದ್ದಾಗ ಬಟ್ಟೆ ಒಗೆಯಲು ಹೋದಾಗೆಲ್ಲ ಎದುರಿಗೆ ಆ ನಡುಗಡ್ಡೆ ಕಾಣುತ್ತಿತ್ತಂತೆ. ಯಾರೋ ಪಾಳೇಗಾರ ಕಟ್ಟಿಸಿದ ಕೋಟೆಯ ಮುರುಕು ಗೋಡೆ, ಅದರ ಮೇಲೆ ಬೆಳೆದ ಅರಳಿಮರ, ಹಳೆಯ ಈಶ್ವರನ ಗುಡಿ, ಗುಡಿಯ ಸುತ್ತ ಬೆರಳೆಣಿಕೆಯ ಮನೆಗಳು. ಅಲ್ಲಿಗೆ ಬಸ್ಸು, ಜಟಕಾ ಇರಲಿ, ಎತ್ತಿನ ಗಾಡಿಯೂ ಹೋಗುವಂತಿಲ್ಲ. ಹರಿಗೋಲಿನಲ್ಲಿ ದಾಟಬೇಕು, ದಾಟಿದ ಮೇಲೆ ನಡೆಯಬೇಕು. ಸಂಜೆ ಹೊತ್ತು ಅಲ್ಲಿಂದ ಒಲೆಯ ಹೊಗೆ ಏಳುವುದನ್ನು ಅಮ್ಮ ಈ ದಂಡೆಯಿಂದ ನೋಡಿದ್ದಳೇ ಹೊರತು ಒಮ್ಮೆಯೂ ದಾಟಿರಲಿಲ್ಲ. ಮದುವೆಯಾಗಿ, ತವರಿನವರೂ ಆ ಊರು ಬಿಟ್ಟ ಮೇಲೆ ನೋಡುವುದೂ ತಪ್ಪಿತು.

ಅಪ್ಪನಿಗೆ ಹುರುಪು ಬಂತು. ಕಾರ್ಖಾನೆಯಿಂದ ಒಂದು ಹಳೆಯ ಡ್ರಾಯಿಂಗ್ ಹಾಳೆ ತಂದು ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ಇಡೀ ಪ್ರಯಾಣವನ್ನು ಬರೆದ. ರೈಲಿಗೆ ಜೋಡಿಗೆರೆ, ಬಸ್ಸಿಗೆ ಒಂಟಿಗೆರೆ, ಹೊಳೆಗೆ ಅಲೆಗಳು, ನಡುವೆ ಮೊಟ್ಟೆಯಾಕಾರದ ನಡುಗಡ್ಡೆ. ದಸರೆಯ ರಜೆಗೆ ಹೊರಡುವುದು, ಗುಡಿಯ ಪೂಜಾರಿಯ ಮನೆಯಲ್ಲಿ ಒಂದು ಕೋಣೆ ಕೇಳುವುದು ಎಂದಾಯಿತು. ಬಂದವರ ಕಣ್ಣಿಗೆ ಬೀಳಬಾರದೆಂದು ಆ ಹಾಳೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಅಂಟಿಸಿದ. ಹಾಲ್‌ನಲ್ಲಿ ನೆಂಟರು ಗೊರಕೆ ಹೊಡೆಯುತ್ತಿದ್ದರೆ ಅಮ್ಮ ಕ್ಯಾಲೆಂಡರ್ ಎತ್ತಿ ಒಂದು ಕ್ಷಣ ನೋಡಿ ಮತ್ತೆ ಬಿಡುತ್ತಿದ್ದಳು. ತಿಥಿ ನೋಡುತ್ತಿದ್ದಾಳೆಂದು ಎಚ್ಚರವಾದವರು ತಿಳಿದಿರಬೇಕು.

ಎಲ್ಲ ಸರಿಯಾಯಿತು ಅನ್ನುವಷ್ಟರಲ್ಲಿ ಅಜ್ಜಿ ಅಡ್ಡ ನಿಂತಳು.

"ನೀವು ಹೋಗ್ರಿ. ನಾನು ಹೊಳೆ ದಾಟಾಕಿ ಅಲ್ಲ."

ಕಾರಣ ನಮಗೆ ಗೊತ್ತಿದ್ದದ್ದೇ. ನಮ್ಮ ಮನೆಗಳಲ್ಲಿ ಕೊರಳಿನ ಇಷ್ಟಲಿಂಗವನ್ನು ಮೈಯಿಂದ ಬೇರೆ ಮಾಡುವುದಿಲ್ಲ. ಬೆಳ್ಳಿಯ ಕರಡಿಗೆಯಲ್ಲಿಟ್ಟು, ಶಿವದಾರದಲ್ಲಿ ಕೊರಳಿಗೆ ಕಟ್ಟಿಕೊಂಡದ್ದು ಮಣ್ಣಿಗೆ ಹೋಗುವ ತನಕ ಜೊತೆಗಿರಬೇಕು. ಅಮ್ಮನ ಕೊರಳಲ್ಲೂ ನನ್ನ ಕೊರಳಲ್ಲೂ ಇತ್ತು, ದಾರ ಗಟ್ಟಿಯಿದ್ದರಾಯಿತು ಎಂದು ನಾವು ಮರೆತೇ ಓಡಾಡುತ್ತಿದ್ದೆವು. ಅಜ್ಜಿ ಮರೆಯುತ್ತಿರಲಿಲ್ಲ. ಅವಳು ಹುಡುಗಿಯಾಗಿದ್ದಾಗ ಅವಳ ಚಿಕ್ಕಮ್ಮನೊಬ್ಬಳ ಶಿವದಾರ ಹೊಳೆಯಲ್ಲಿ ಹರಿದು ಕರಡಿಗೆ ನೀರುಪಾಲಾಯಿತಂತೆ. ಆ ಹೆಂಗಸು ದಂಡೆಯ ಮೇಲೆಯೇ ಕೂತಳು, ಊಟ ಬಿಟ್ಟಳು, ನೀರು ಬಿಟ್ಟಳು. ಮಠದ ಸ್ವಾಮಿಗಳು ಬಂದು ಬೇರೆ ಲಿಂಗ ಕಟ್ಟಿ ಎಬ್ಬಿಸಿದರು ಎಂದು ಅಪ್ಪ ಹೇಳುತ್ತಿದ್ದ. ಅಜ್ಜಿ ಆ ಮಾತಿಗೆ ಹೂಂ ಅನ್ನುತ್ತಲೂ ಇರಲಿಲ್ಲ, ಉಹೂಂ ಅನ್ನುತ್ತಲೂ ಇರಲಿಲ್ಲ. ರಸ್ತೆ ದಾಟುವಾಗ, ಬಸ್ಸು ಹತ್ತುವಾಗ, ಗುಡುಗು ಕೇಳಿದಾಗ ಅವಳ ಕೈ ಮೊದಲು ಎದೆಯ ಮೇಲಿನ ಕರಡಿಗೆಗೆ ಹೋಗುತ್ತಿತ್ತು.

ಅಪ್ಪ ತನ್ನ ಬುದ್ಧಿವಂತಿಕೆಯನ್ನೆಲ್ಲ ಖರ್ಚು ಮಾಡಿದ. "ನಾಲ್ಕು ದಿನ ದೇವರ ಗೂಡಿನಲ್ಲಿ ಇಟ್ಟು ಬಾ ಅವ್ವ" ಎಂದ. ಅಜ್ಜಿ ಕಿವಿ ಮುಚ್ಚಿಕೊಂಡಳು. "ಸೈಕಲ್ ಟ್ಯೂಬಿನ ತುಂಡಿಗೆ ಗಾಳಿ ತುಂಬಿ ಕರಡಿಗೆಗೆ ಕಟ್ಟಿದ್ರೆ, ಬಿದ್ರೂ ತೇಲುತ್ತೆ ಕಣವ್ವ" ಎಂದ.

"ಲಿಂಗಕ್ಕೆ ಟೂಬು ಕಟ್ತೀಯೇನೋ ಹುಚ್ಚಪ್ಪ! ಚಕ್ರ ಹೋಗದ ಊರಿಗೆ ಟೂಬು ಹೊತ್ಕೊಂಡು ಹೋಗ್ತಾನಂತೆ!" ಅಜ್ಜಿ ಬೈದಳು. ನಾನು ನಕ್ಕಿದ್ದಕ್ಕೆ ನನಗೂ ಬಿತ್ತು.

ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಹೋದರೆ ಬಂದವರಿಗೆಲ್ಲ ಆ ವಯಸ್ಸಿನಲ್ಲಿ ಅವಳು ಬೇಯಿಸಿ ಹಾಕಬೇಕು. ಅದಕ್ಕೆ ಅಮ್ಮ ಒಪ್ಪಲಿಲ್ಲ. ಹೊಳೆಯ ತನಕ ಬಂದು ದಂಡೆಯಲ್ಲಿ ಉಳಿಯುತ್ತೇನೆ ಎಂದು ಅಜ್ಜಿಯೇ ಹೇಳಿದಳು. ಅದಕ್ಕೂ ಅಮ್ಮ ಒಪ್ಪಲಿಲ್ಲ. "ಅತ್ತೆ ಆ ದಡದಲ್ಲಿ ಎದೆ ಹಿಡ್ಕೊಂಡು ಕೂತಿದ್ರೆ ನಾನು ಈ ದಡದಲ್ಲಿ ಕಣ್ಣು ಮುಚ್ಚೋದಾದ್ರೂ ಹೇಗೆ? ಬಿಡಿ, ಮನೇಲೇ ಇರೋಣ" ಎಂದು ಅಪ್ಪನಿಗೆ ಹೇಳಿ ಅಕ್ಕಿ ಆರಿಸಲು ಕೂತಳು. ಜಗಳವಿಲ್ಲ, ಮುನಿಸಿಲ್ಲ. ಅವಳು ಮುನಿಸಿಕೊಂಡಿದ್ದರೆ ಚೆನ್ನಾಗಿತ್ತು. ಆ ದಿನದಿಂದ ಅವಳು ಕ್ಯಾಲೆಂಡರ್ ಎತ್ತಿ ನೋಡುವುದನ್ನು ನಿಲ್ಲಿಸಿದಳು. ಆ ವಾರವೆಲ್ಲ ನಾನು ಅಜ್ಜಿಯ ಹತ್ತಿರ ಮಾತಾಡಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮನೆಯಲ್ಲಿ ಅಪರೂಪಕ್ಕೆ ನೆಂಟರು ಯಾರೂ ಇರಲಿಲ್ಲ. ಅಮ್ಮ ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದವಳು ಹಾಗೇ ನಿದ್ದೆ ಹೋಗಿದ್ದಳು. ಅಜ್ಜಿ ಹೊಸಿಲ ಹತ್ತಿರ ಬತ್ತಿ ಹೊಸೆಯುತ್ತಿದ್ದಳು, ನಾನು ಕೋಣೆಯಲ್ಲಿ ಪಾಠ ಓದುತ್ತಿದ್ದೆ. ಪಕ್ಕದ ಮನೆಯ ಮುಂದೆ ಒಂದು ಆಟೋ ಬಂದು ನಿಂತಿತು. ನಮ್ಮ ಮನೆಗಲ್ಲ, ಪಕ್ಕದ ಮನೆಗೆ. ಅಮ್ಮ ಎದ್ದಳು. ಕಣ್ಣು ಪೂರ್ತಿ ತೆರೆದಿರಲಿಲ್ಲ. ಸ್ಟವ್ ಹಚ್ಚಿದಳು, ಪಾತ್ರೆ ಇಟ್ಟಳು, ಎರಡು ಚೊಂಬು ನೀರು ಸುರಿದಳು, ಅಕ್ಕಿಯ ಡಬ್ಬದ ಮುಚ್ಚಳ ತೆಗೆದಳು. ಆಟೋ ತಿರುಗಿಕೊಂಡು ಹೊರಟುಹೋಯಿತು. ಯಾರೂ ಬರಲಿಲ್ಲ. ಡಬ್ಬದ ಮುಂದೆ ಅಮ್ಮ ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದಳು. ಮುಂದೇನು ಮಾಡಬೇಕೆಂದು ತಿಳಿಯದ ಮಗುವಿನಂತೆ ನಿಂತಿದ್ದಳು.

ಅಜ್ಜಿ ಬತ್ತಿ ಕೆಳಗಿಟ್ಟು ಒಳಗೆ ಹೋದಳು. ಸ್ಟವ್ ಆರಿಸಿದಳು. ಮುಚ್ಚಳವನ್ನು ಅಮ್ಮನ ಕೈಯಿಂದ ತೆಗೆದುಕೊಂಡು ಡಬ್ಬ ಮುಚ್ಚಿದಳು. ಕಾಯದ ನೀರನ್ನು ಮತ್ತೆ ಕೊಳಗಕ್ಕೆ ಸುರಿದಳು. "ಯಾರೂ ಬಂದಿಲ್ಲ, ಮಲಗು" ಎಂದಳು. ಅಮ್ಮ ಮಲಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಅಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ಆ ಆಟೋದವನ ಮೇಲೆ, ಪಕ್ಕದ ಮನೆಯವರ ಮೇಲೆ, ಇಡೀ ದಾವಣಗೆರೆ ಸೀಮೆಯ ಮೇಲೆ ಕೋಪ ಬಂತು.

ಮಾರನೆಯ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಎದ್ದ ಅಜ್ಜಿ ತನ್ನ ಪೆಟ್ಟಿಗೆಯಿಂದ ಒಂದು ದಪ್ಪ ರವಿಕೆ ತೆಗೆದು ಅಮ್ಮನ ಮುಂದೆ ಹಾಕಿದಳು. "ಇದರ ಒಳಗೆ, ಎದಿ ಹತ್ರ, ಒಂದು ಜೇಬು ಮಾಡು. ಕರಡಿಗೆ ಇಟ್ರೆ ಅಲುಗಾಡಬಾರ್ದು. ತಲೆಕೆಳಗೆ ಹಿಡಿದ್ರೂ ಬೀಳಬಾರ್ದು."

ಅಮ್ಮ ರವಿಕೆಯನ್ನು ನೋಡಿದಳು, ಅಜ್ಜಿಯನ್ನು ನೋಡಿದಳು. "ಅತ್ತೆ, ನನಗೋಸ್ಕರ ಬೇಡ" ಎಂದಳು.

"ನಿನಗ್ಯಾಕೆ? ನನಗೂ ಕೋಟೆ ನೋಡಬೇಕು ಅಂತೈತೆ."

ಅಜ್ಜಿಗೆ ಕೋಟೆಯ ಮೇಲೆ ಅಷ್ಟೊಂದು ಪ್ರೀತಿ ಯಾವಾಗ ಹುಟ್ಟಿತೋ ಆ ಶಿವನಿಗೇ ಗೊತ್ತು.

ಜೇಬಿಗೆ ಬಟ್ಟೆ ಅಪ್ಪನ ಹಳೆಯ ಖಾಕಿ ಯೂನಿಫಾರಂ. ಅಮ್ಮ ಅದನ್ನು ಕತ್ತರಿಸಿ, ಮಡಿಸಿ, ರವಿಕೆಯ ಒಳಗಿಟ್ಟು ಕೈಯಲ್ಲೇ ಹೊಲಿದಳು. ಒಂದು ಸುತ್ತು ಹೊಲಿಗೆ ಮುಗಿದ ಮೇಲೆ ಅದರ ಪಕ್ಕದಲ್ಲೇ ಇನ್ನೊಂದು ಸುತ್ತು. ಖಾಕಿಯ ದಪ್ಪಕ್ಕೆ ಸೂಜಿ ಹೋಗದೆ ಬೆರಳು ತೂತಾಗುತ್ತಿತ್ತು. ನಡುವೆ ನೆಂಟರು ಬಂದರು, ಹೋದರು. ಸೀರೆಯವರೊಬ್ಬರು "ಏನಮ್ಮಾ ಅದು, ಖಾಕಿ ರವಿಕೆ?" ಎಂದು ಕೇಳಿದರು. "ಅತ್ತೆಗೆ ಎದೆಗೆ ಥಂಡಿ ತಾಗುತ್ತೆ" ಎಂದಳು ಅಮ್ಮ. ಅವಳು ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲಳೆಂದು ನನಗೆ ಬಹಳ ಸಂತೋಷವಾಯಿತು. ಜೇಬಿನ ಬಾಯಿಗೆ ಮುಚ್ಚಳ, ಮುಚ್ಚಳಕ್ಕೆ ಅದೇ ಯೂನಿಫಾರಮ್ಮಿನ ಎರಡು ಗುಂಡಿ. ಕ್ಯಾಲೆಂಡರ್ ಮತ್ತೆ ಮೇಲೇಳತೊಡಗಿತು.

ಜೇಬು ಆದರೆ ಸಾಲದು, ಹರಿಗೋಲು ಅಭ್ಯಾಸವಾಗಬೇಕು ಎಂದು ಅಪ್ಪ ಹಟ ಹಿಡಿದ. ಹೊಸಹಳ್ಳಿಯಿಂದ ನಮಗೆ ಹಾಲು ತರುತ್ತಿದ್ದ ಹೆಂಗಸನ್ನು ಕೇಳಿ ಅವರ ಮನೆಯ ದೊಡ್ಡ ಮಂಕರಿಯನ್ನು ತರಿಸಿದ. ದನಕ್ಕೆ ಹುಲ್ಲು ಹೊರುವ ಬಿದಿರಿನ ಆ ಬುಟ್ಟಿಯನ್ನು ಹಿತ್ತಿಲಲ್ಲಿಟ್ಟು, ಅಡಿಗೆ ಗೋಣಿಚೀಲ ಸುತ್ತಿ ಒತ್ತು ಕೊಟ್ಟು, ಅಜ್ಜಿಯನ್ನು ಕೂರಿಸಿದೆವು. ಅಪ್ಪ ಒಂದು ಕಡೆ, ನಾನೊಂದು ಕಡೆ ಹಿಡಿದು ತೂಗಿದೆವು.

"ಅಯ್ಯೋ ನಿಮ್ಮ ಮನೆ ಕಾಯ್ವಾಗ! ಅಜ್ಜವ್ವನ್ನ ಯಾಕ್ರಪ್ಪಾ ಮಂಕ್ರೀಲಿ ತೂಗ್ತಾ ಇದೀರಾ?" ಎಂದಳು ಹಾಲಿನಾಕೆ.

"ಹೊಳೆ ದಾಟ್ತಾ ಇದೀನವ್ವ" ಎಂದು ಅಜ್ಜಿ ಒಳಗಿನಿಂದ ಹೇಳಿದಳು. ಒಂದು ಕೈ ಮಂಕರಿಯ ಅಂಚಿನ ಮೇಲೆ, ಇನ್ನೊಂದು ಎದೆಯ ಮೇಲೆ. ನಾನು ಸ್ವಲ್ಪ ಜೋರಾಗಿ ತೂಗಿದೆ. ಮಂಕರಿ ವಾಲಿತು, ಅಜ್ಜಿ ಹಿಂದಕ್ಕೆ ಉರುಳಿ ಒಗೆಯುವ ಕಲ್ಲಿಗೆ ಒರಗಿದಳು. ಅವಳ ಎರಡೂ ಕೈ ಎದೆಯ ಮೇಲೆ ಸೇರಿಕೊಂಡಿದ್ದವು, ಅಂಚನ್ನು ಹಿಡಿದಿದ್ದ ಕೈಯೂ ಅಲ್ಲಿಗೇ ಹೋಗಿತ್ತು. "ಅವ್ವ, ಅಂಚು ಹಿಡ್ಕೋಬೇಕು, ಜೇಬಿದೆಯಲ್ಲ!" ಎಂದು ಅಪ್ಪ ಗೋಳಾಡಿದ. "ಕೈ ನನ್ನ ಮಾತು ಕೇಳಲ್ಲ ಕಣಪ್ಪ" ಎಂದಳು ಅಜ್ಜಿ. ಎಷ್ಟು ದಿನ ತೂಗಿದರೂ ಹಾಗೆಯೇ ಆಯಿತು. ಮಂಕರಿ ವಾಲಿದರೆ ಅವಳ ಕೈ ಎರಡೂ ಕರಡಿಗೆಗೆ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ನಗು ಇತ್ತು, ಚಿಂತೆಯೂ ಇತ್ತು.

ಹೊರಡುವ ಸಂಜೆ ಟ್ರಂಕು ಹೊರಗಿಟ್ಟು ಬಾಗಿಲು ಎಳೆದುಕೊಳ್ಳುತ್ತಿದ್ದೆವು, ಒಂದು ಜಟಕಾ ಬಂದು ನಿಂತಿತು. ಅಪ್ಪನ ದೊಡ್ಡಪ್ಪನ ಮಗ, ಹೆಂಡತಿ, ಎರಡು ಮೂಟೆ. ಅಪ್ಪನ ಮುಖ ಸಣ್ಣದಾಯಿತು. ಅಮ್ಮ ಆಗಲೇ ಚಪ್ಪಲಿ ಕಳಚುತ್ತಿದ್ದಳು. ಅಜ್ಜಿ ಅಮ್ಮನ ಕೈಯಿಂದ ಬೀಗದಕೈ ಕಿತ್ತುಕೊಂಡು ನೆಂಟರ ಕೈಗಿಟ್ಟಳು. "ಬಂದ್ರಾ, ಚಲೋ ಆತು. ಅಕ್ಕಿ ಡಬ್ಬದಾಗೈತೆ, ಬ್ಯಾಳಿ ಅದರ ಪಕ್ಕ. ಮಾಡ್ಕೊಂಡು ಉಣ್ರಿ. ಹಾಲಿನಾಕೆ ಮುಂಜಾನೆ ಬರ್ತಾಳೆ." ಅದೇ ಜಟಕಾದಲ್ಲಿ ನಾವು ಸ್ಟೇಷನ್ನಿಗೆ ಹೋದೆವು. ಎಲ್ಲಿಗೆ ಎಂದು ಅವರು ಕೇಳುವಷ್ಟರಲ್ಲಿ ಕುದುರೆ ತಿರುವು ದಾಟಿತ್ತು. ಅಜ್ಜಿಯ ಮೇಲಿನ ನನ್ನ ಕೋಪ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ನಾವು ದಂಡೆಯಲ್ಲಿದ್ದೆವು. ಮಳೆ ನಿಂತು ಹೊಳೆ ತಿಳಿಯಾಗಿತ್ತು, ಆದರೆ ತುಂಬಿಯೇ ಇತ್ತು. ಎದುರಿಗೆ ಕೋಟೆಯ ಮುರುಕು ಗೋಡೆ, ಅದರ ಮೇಲೆ ಅರಳಿಮರ, ಅಮ್ಮ ಹೇಳಿದ ಹಾಗೆಯೇ. ಅಜ್ಜಿ ಹರಿಗೋಲನ್ನು ಸುತ್ತ ನೋಡಿ "ಮಂಕರಿಗಿಂತ ದೊಡ್ಡದೈತೆ" ಎಂದು ತನಗೆ ತಾನೇ ಹೇಳಿಕೊಂಡಳು. ಅಂಬಿಗ ಕೈಹಿಡಿದು ಕೂರಿಸಿದ. ಕೂತೊಡನೆ ಎರಡೂ ಅಂಗೈಯನ್ನು ಜೇಬಿನ ಮೇಲೆ ಒತ್ತಿ ಕಣ್ಣು ಮುಚ್ಚಿದಳು. ತುಟಿ ಅಲುಗುತ್ತಿತ್ತು. ಅವಳ ಪಕ್ಕದಲ್ಲಿ ಅಮ್ಮ, ಎದುರಿಗೆ ಅಪ್ಪ ಮತ್ತು ನಾನು.

ದಂಡೆಯ ಸದ್ದುಗಳು ಒಂದೊಂದಾಗಿ ಹಿಂದುಳಿದವು. ಬಸ್ಸಿನ ಹಾರ್ನ್, ಗಾಡಿಯ ಕಿರುಗುಟ್ಟುವಿಕೆ, ಆಮೇಲೆ ಏನೂ ಇಲ್ಲ, ನೀರಿನದು ಮಾತ್ರ. ಅಮ್ಮ ನಡುಗಡ್ಡೆಯ ಕಡೆ ತಿರುಗಿ ಕೂತಿದ್ದಳು. ಯಾವ ಸದ್ದಿಗೂ ಕಿವಿಗೊಡದೆ ಅವಳು ಕೂತಿದ್ದನ್ನು ನಾನು ಮೊದಲ ಸಲ ನೋಡಿದೆ. ಅವಳು ಎಷ್ಟು ಚಿಕ್ಕವಳು ಎಂದು ಆಗ ನನಗೆ ಅನ್ನಿಸಿತು. ಕೈಯನ್ನು ನೀರಿಗೆ ಇಳಿಬಿಟ್ಟಳು. ತಣ್ಣಗಿತ್ತೇನೋ, ನಕ್ಕಳು. ಇನ್ನೂ ಸ್ವಲ್ಪ ಬಾಗಿದಳು, ಮೊಣಕೈ ಮುಳುಗುವ ತನಕ. ಅದೇ ಹೊತ್ತಿಗೆ ಸೆಳವಿಗೆ ಸಿಕ್ಕ ಹರಿಗೋಲು ಗಿರಕ್ಕನೆ ಒಂದು ಸುತ್ತು ತಿರುಗಿತು. ಅಮ್ಮ ಕೂತಿದ್ದ ಕಡೆ ಅಂಚು ತಗ್ಗಿ ನೀರು ಒಳಗೆ ನುಗ್ಗಿತು.

"ಅಮ್ಮಾ, ಒಳಗೆ ಬರ್ರಿ!" ಅಂಬಿಗ ಕೂಗಿದ.

ಅಮ್ಮನ ಮೈ ಅಂಚಿನಾಚೆ ವಾಲಿತ್ತು. ಅಪ್ಪ ಏಳುವ ಮೊದಲೇ, ನಾನು ಕಿರುಚುವ ಮೊದಲೇ, ಅಜ್ಜಿ ಅವಳನ್ನು ಹಿಡಿದಿದ್ದಳು. ಎರಡೂ ಕೈಯಲ್ಲಿ, ತೋಳನ್ನೂ ಸೊಂಟದ ಸೀರೆಯನ್ನೂ ಸೇರಿಸಿ ಹಿಡಿದು ಹಿಂದಕ್ಕೆ ಎಳೆದಳು. ಅಮ್ಮ ಅವಳ ಮಡಿಲಿಗೇ ಬಂದು ಬಿದ್ದಳು. ಅಂಬಿಗ ಹುಟ್ಟು ಊರಿ ಹರಿಗೋಲನ್ನು ನಿಲ್ಲಿಸಿದ.

ಮೊದಲು ಗಾಬರಿಯಾದದ್ದು ಅಮ್ಮನಿಗೆ. "ಅತ್ತೆ! ಲಿಂಗ! ಕೈ ಬಿಟ್ಟುಬಿಟ್ರಲ್ಲ, ನೋಡ್ಕೊಳ್ಳಿ!"

ಅಜ್ಜಿ ನೋಡಿಕೊಳ್ಳಲಿಲ್ಲ. ಅವಳ ಕೈ ಅಮ್ಮನ ತೋಳಿನಿಂದ ಕದಲಲಿಲ್ಲ.

"ಅದಕ್ಕೆ ನೀನು ಎರಡೆರಡು ಸುತ್ತು ಹೊಲಿಗೆ ಹಾಕಿದ್ದೀಯಲ್ಲೇ ಹುಡುಗಿ" ಎಂದಳು. "ನಿನಗೆ ಯಾರು ಹಾಕ್ಯಾರೆ?"

ಅಮ್ಮ ಒದ್ದೆ ಸೆರಗಿನಲ್ಲೇ ಮುಖ ಒರೆಸಿಕೊಂಡಳು. ದಡ ಮುಟ್ಟುವ ತನಕ ಅಜ್ಜಿ ಅವಳನ್ನು ಹಾಗೆಯೇ ಹಿಡಿದಿದ್ದಳು, ಕಣ್ಣು ತೆರೆದುಕೊಂಡೇ.

ಆ ಮಧ್ಯಾಹ್ನ ಪೂಜಾರಿಯ ಮನೆಯ ಕೋಣೆಯಲ್ಲಿ ಅಮ್ಮ ಚಾಪೆಯ ಮೇಲೆ ಮಲಗಿದಳು. ಅಜ್ಜಿ ಹೊರಗೆ ಕಲ್ಲು ಹೂಡಿ ಒಲೆ ಹಚ್ಚಿ ಅನ್ನಕ್ಕಿಟ್ಟಳು. ಊರಿಗೆ ಹೊಸಬರು ಬಂದರೆಂದು ಒಂದಿಬ್ಬರು ಹೆಂಗಸರು ಮಾತಾಡಿಸಲು ಬಂದರು. ಅಜ್ಜಿ ಬಾಗಿಲಿಗೆ ಅಡ್ಡ ಕೂತು, ಬೆರಳನ್ನು ತುಟಿಯ ಮೇಲಿಟ್ಟು, ಮೆಲ್ಲಗೆ ಹೇಳಿದಳು: "ಸಂಜೀಕೆ ಬರ್ರವ್ವಾ. ನಮ್ಮ ಹುಡುಗಿ ಮಲಗ್ಯಾಳೆ."